ವೀಕೆಂಡಿಗೆ ನ್ಯೂ ಆರ್ಲಿಯನ್ಸ್: ಪದೇ ಪದೇ ಕೇಳುವ ಪ್ರಶ್ನೆಗಳು

ಹ್ಯೂಸ್ಟನ್, ಡಲ್ಲಾಸ್, ಅಟ್ಲಾಂಟಾ ಕಡೆ ಇರುವ ಕನ್ನಡದವರು ಲಾಂಗ್ ವೀಕೆಂಡ್ ಹತ್ತಿರ ಬಂದ ಕೂಡಲೇ ಲೂಸಿಯಾನ ರಾಜ್ಯದ ಈ ಊರಿನ ಹೆಸರು ಎತ್ತುತ್ತಾರೆ. ಆಮೇಲೆ ಎಲ್ಲರದ್ದೂ ಹೆಚ್ಚುಕಡಿಮೆ ಅದದೇ ಪ್ರಶ್ನೆಗಳು: ಊಟಕ್ಕೇನು, ಮಕ್ಕಳನ್ನ ಕರೆದುಕೊಂಡು ಹೋಗಬಹುದಾ, ಕುಡಿಯದವರು ಅಲ್ಲಿ ಹೋಗಿ ಮಾಡೋದೇನು. ಉತ್ತರಗಳನ್ನು ಒಂದೇ ಕಡೆ ಹಾಕಿದ್ದೇನೆ. ಕೆಲವು ಕಡೆ ನನ್ನ ಅಭಿಪ್ರಾಯವೂ ಸೇರಿದೆ, ಒಪ್ಪದಿದ್ದರೆ ಬಿಟ್ಟುಬಿಡಿ.

ಎರಡೇ ದಿನ ಸಾಕಾ?

ಊರಿನ ಹಳೇ ಭಾಗಕ್ಕೆ ಸಾಕು. ಫ್ರೆಂಚ್ ಕ್ವಾರ್ಟರ್ ಅನ್ನುವ ಹಳೇ ಪೇಟೆ ಈ ತುದಿಯಿಂದ ಆ ತುದಿಗೆ ನಡೆದರೆ ಅರ್ಧ ಗಂಟೆಯೂ ಬೇಡ. ಆದರೆ ಪಟ್ಟಿ ಹಿಡಿದು ಟಿಕ್ ಹಾಕುತ್ತಾ ಹೋಗುವವರಿಗೆ ಈ ಊರು ಒಗ್ಗೋದಿಲ್ಲ. ಇಲ್ಲಿ ನೋಡುವುದಕ್ಕಿಂತ ಕೇಳುವುದು, ತಿನ್ನುವುದು, ಸುಮ್ನೆ ಕೂರುವುದು ಜಾಸ್ತಿ. ಬೆಳಿಗ್ಗೆ ಒಂದು ಕಡೆ, ರಾತ್ರಿ ಒಂದು ಕಡೆ ಅಂತ ಗೊತ್ತುಮಾಡಿಕೊಂಡು ಮಧ್ಯದ ಹೊತ್ತು ಖಾಲಿ ಬಿಡಿ. ಖಾಲಿ ಬಿಟ್ಟ ಹೊತ್ತಿನಲ್ಲೇ ಬೀದಿ ತಿರುವಿನಲ್ಲಿ ಬ್ಯಾಂಡ್ ಒಂದು ಸಿಕ್ಕಿಬಿಡುತ್ತದೆ.

ಯಾವ ತಿಂಗಳು ಒಳ್ಳೆಯದು?

ಅಕ್ಟೋಬರ್ ಕೊನೆಯಿಂದ ಏಪ್ರಿಲ್‌ವರೆಗೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಮಂಗಳೂರಿನ ಮೇ ತಿಂಗಳ ಸೆಕೆ ಗೊತ್ತಿರುವವರಿಗೆ ವಿವರಿಸಿ ಹೇಳಬೇಕಾಗಿಲ್ಲ. ಉಷ್ಣತೆ 32–34 ಡಿಗ್ರಿ, ಮೈಯೆಲ್ಲ ಅಂಟು, ಮಧ್ಯಾಹ್ನ ದಿಢೀರ್ ಮಳೆ. ಚಂಡಮಾರುತದ ಸೀಸನ್ ಅಧಿಕೃತವಾಗಿ ಜೂನ್ 1ರಿಂದ ನವೆಂಬರ್ 30ರವರೆಗೆ. ಅದರಲ್ಲೂ ಆಗಸ್ಟ್, ಸೆಪ್ಟೆಂಬರ್‌ಗೆ ಬುಕ್ ಮಾಡುವುದಾದರೆ ಕ್ಯಾನ್ಸಲ್ ಮಾಡಿದರೆ ಹಣ ವಾಪಸ್ ಬರುವ ರೂಮನ್ನೇ ತೆಗೆದುಕೊಳ್ಳಿ. ಬೇಸಿಗೆಯಲ್ಲಿ ಹೋಟೆಲ್ ಬಾಡಿಗೆ ತುಂಬಾ ಇಳಿಯುತ್ತದೆ ಅನ್ನುವುದೂ ನಿಜ.

ನನ್ನನ್ನು ಕೇಳಿದರೆ ಏಪ್ರಿಲ್‌ನಲ್ಲಿ ನಡೆಯುವ ಫ್ರೆಂಚ್ ಕ್ವಾರ್ಟರ್ ಫೆಸ್ಟಿವಲ್‌ನ ವೀಕೆಂಡ್. ಹಳೇ ಪೇಟೆಯ ಉದ್ದಕ್ಕೂ, ನದಿ ದಂಡೆಯಲ್ಲೂ ವೇದಿಕೆಗಳು, ಎಲ್ಲವೂ ಪುಕ್ಕಟೆ. ಏಪ್ರಿಲ್ ಕೊನೆಯಿಂದ ಮೇ ಮೊದಲ ವಾರದವರೆಗೆ ನಡೆಯುವ ಜಾಜ್ ಫೆಸ್ಟ್ ಇನ್ನೂ ದೊಡ್ಡದು. ಆದರೆ ಅದಕ್ಕೆ ಟಿಕೆಟ್ ಬೇಕು, ನಡೆಯುವುದು ಕುದುರೆ ರೇಸ್ ಮೈದಾನದಲ್ಲಿ, ರೂಮಿನ ಬೆಲೆಯೂ ಏರಿರುತ್ತದೆ.

ಮಾರ್ಡಿ ಗ್ರಾಗೇ ಹೋಗಬೇಕು ಅಂತ ಆಸೆ. ಹೋಗಬಹುದಾ?

ಹೋಗಬಹುದು, ಆದರೆ ಅದನ್ನು ವೀಕೆಂಡ್ ಪ್ರವಾಸ ಅಂದುಕೊಳ್ಳಬೇಡಿ. ಮಾರ್ಡಿ ಗ್ರಾ ಅಂದರೆ ಕಾರ್ನಿವಲ್ ಅನ್ನುವ ಮೆರವಣಿಗೆ ಹಬ್ಬದ ಕೊನೆಯ ದಿನ. 2027ರಲ್ಲಿ ಫೆಬ್ರುವರಿ 9ಕ್ಕೆ, 2028ರಲ್ಲಿ ಫೆಬ್ರುವರಿ 29ಕ್ಕೆ ಬರುತ್ತದೆ. ಯಾವಾಗಲೂ ಮಂಗಳವಾರ, ಈಸ್ಟರ್‌ಗೆ 47 ದಿನ ಮುಂಚೆ. ಕಾರ್ನಿವಲ್ ಶುರುವಾಗುವುದು ಜನವರಿ 6ಕ್ಕೇ. ಮೆರವಣಿಗೆಗಳು ಕೊನೆಯ ಎರಡು ವಾರದಲ್ಲಿ ಒತ್ತೊತ್ತಾಗಿ ಬರುತ್ತವೆ. ಹಾಗಾಗಿ ಕೊನೆಯ ವೀಕೆಂಡ್ ಬಿಟ್ಟು ಅದರ ಹಿಂದಿನದಕ್ಕೆ ಹೋದರೆ ಮೆರವಣಿಗೆಯೂ ಸಿಗುತ್ತದೆ, ಜೇಬಿನಲ್ಲಿ ದುಡ್ಡೂ ಉಳಿಯುತ್ತದೆ.

ಮಕ್ಕಳಿದ್ದರೆ ಸೇಂಟ್ ಚಾರ್ಲ್ಸ್ ಅವೆನ್ಯೂ ಕಡೆ ನಿಲ್ಲಿ. ಅಲ್ಲಿ ಸಂಸಾರಸ್ಥರೇ ಜಾಸ್ತಿ. ಮಕ್ಕಳನ್ನು ಕೂರಿಸಲು ಏಣಿಯ ತಲೆಗೆ ಪುಟ್ಟ ಪೆಟ್ಟಿಗೆಯಂಥ ಸೀಟು ಬಡಿದು, ಸಾಲಾಗಿ ನಿಲ್ಲಿಸಿರುತ್ತಾರೆ. ರಥದ ಮೇಲಿಂದ ಮಣಿಸರ, ಲೋಟ, ಗೊಂಬೆ ಎಲ್ಲ ಹಾರಿ ಬರುತ್ತವೆ. ಕೆಳಗೆ ಬಿದ್ದದ್ದನ್ನು ಎತ್ತಿಕೊಳ್ಳಲು ಕೈ ಹಾಕುವ ಮೊದಲು ಅದರ ಮೇಲೆ ಕಾಲಿಡಿ, ಇಲ್ಲದಿದ್ದರೆ ಯಾರಾದರೂ ಬೆರಳು ತುಳಿಯುತ್ತಾರೆ.

ಕಾರಲ್ಲಿ ಹೋಗೋದಾ, ಫ್ಲೈಟಾ?

ಹ್ಯೂಸ್ಟನ್‌ನಿಂದ ಕಾರೇ ಸರಿ. ಐ-10 ಹಿಡಿದರೆ ಸುಮಾರು 350 ಮೈಲಿ, ಐದೂವರೆ ಆರು ಗಂಟೆ. ದಾರಿಯಲ್ಲಿ ಲಫಾಯೆಟ್ ದಾಟಿದ ಮೇಲೆ ಅಚಾಫಲಾಯ ಜೌಗಿನ ಮೇಲೆ 18 ಮೈಲಿ ಉದ್ದದ ಸೇತುವೆ ಬರುತ್ತದೆ. ಎರಡೂ ಬದಿ ನೀರಲ್ಲೇ ನಿಂತ ಸೈಪ್ರಸ್ ಮರಗಳು. ಅಟ್ಲಾಂಟಾದಿಂದ ಏಳು ಗಂಟೆಯಷ್ಟು, ಡಲ್ಲಾಸ್‌ನಿಂದ ಎಂಟು. ಅಟ್ಲಾಂಟಾದವರಿಗೆ ಹೋಗುವಾಗ ಒಂದು ಗಂಟೆ ಲಾಭ, ಬರುವಾಗ ಅದೇ ಗಂಟೆ ನಷ್ಟ. ಇನ್ನೂ ದೂರದವರು ಫ್ಲೈಟ್ ನೋಡಿ.

ಅಟ್ಲಾಂಟಾದಿಂದ ಆಮ್‌ಟ್ರಾಕ್‌ನ ಕ್ರೆಸೆಂಟ್ ರೈಲೂ ಇದೆ. ಹಗಲು ಪೂರ್ತಿ ಹಿಡಿಯುತ್ತದೆ. ರೈಲಿನ ಹುಚ್ಚಿದ್ದವರಿಗೆ ಮಾತ್ರ.

ಕಾರು ತಂದರೆ ಒಂದು ಮಾತು. ಹಳೇ ಪೇಟೆಯ ಹೋಟೆಲುಗಳಲ್ಲಿ ಪಾರ್ಕಿಂಗ್ ದರ ಕೇಳಿದರೆ ಎದೆ ಝಲ್ಲೆನ್ನುತ್ತದೆ. ಕಾರನ್ನು ಒಂದು ಕಡೆ ಹಾಕಿ ಭಾನುವಾರದವರೆಗೆ ಮರೆತುಬಿಡಿ. ಒಳಗೆ ಬ್ಯಾಗು, ಚಾರ್ಜರ್ ವೈರು ಕೂಡ ಕಾಣುವ ಹಾಗೆ ಬಿಡಬೇಡಿ, ಗಾಜು ಒಡೆಯುವವರು ಇದ್ದಾರೆ. ಜೋರು ಮಳೆ ಬಂದಾಗ ಊರಿನವರು ಕಾರುಗಳನ್ನು ರಸ್ತೆ ಮಧ್ಯದ ಎತ್ತರದ ಹುಲ್ಲುಹಾಸಿನ ಮೇಲೆ ಹತ್ತಿಸುವುದನ್ನು ಕಂಡರೆ, ನೀರು ನಿಲ್ಲುವ ಸೂಚನೆ ಅಂತ ತಿಳಿಯಿರಿ.

ಏರ್‌ಪೋರ್ಟ್‌ನಿಂದ ಊರಿಗೆ?

ಲೂಯಿ ಆರ್ಮ್‌ಸ್ಟ್ರಾಂಗ್ ಏರ್‌ಪೋರ್ಟ್ ಇರುವುದು ಪಕ್ಕದ ಕೆನರ್‌ನಲ್ಲಿ. ಟ್ರಾಫಿಕ್ ಇಲ್ಲದಿದ್ದರೆ ಅರ್ಧ ಗಂಟೆ. ಟ್ಯಾಕ್ಸಿಗೆ ಹಳೇ ಪೇಟೆವರೆಗೆ ನಿಗದಿತ ದರವಿದೆ, ಹತ್ತುವ ಮುಂಚೆ ಕೇಳಿ. 202 ನಂಬರ್ ಬಸ್ ತುಂಬಾ ಅಗ್ಗ, ಆದರೆ ದಿನಕ್ಕೆ ಕೆಲವೇ ಟ್ರಿಪ್.

ಎಲ್ಲಿ ಉಳಿಯೋದು?

ಫ್ರೆಂಚ್ ಕ್ವಾರ್ಟರ್ ಒಳಗೇ ಉಳಿಯಬೇಕೆಂದಿದ್ದರೆ ಬರ್ಬನ್ ಸ್ಟ್ರೀಟಿನಿಂದ ಎರಡು ಬೀದಿ ಆಚೆ, ಒಳಗಿನ ಅಂಗಳಕ್ಕೆ ಮುಖ ಮಾಡಿದ ರೂಮು ಕೇಳಿ. ಬರ್ಬನ್ ಕಡೆಯ ಬಾಲ್ಕನಿ ಫೋಟೋದಲ್ಲಿ ಚೆಂದ. ರಾತ್ರಿ ಮೂರಕ್ಕೆ ಕೆಳಗಿನ ಗದ್ದಲ ಕೇಳುವಾಗ ಅಷ್ಟು ಚೆಂದ ಅನಿಸೋದಿಲ್ಲ.

ಸಂಸಾರ ಸಮೇತ ಹೋಗುವವರಿಗೆ ಕೆನಾಲ್ ಸ್ಟ್ರೀಟಿನ ಇನ್ನೊಂದು ಬದಿಯ ವೇರ್‌ಹೌಸ್ ಡಿಸ್ಟ್ರಿಕ್ಟ್ ಅನುಕೂಲ. ಹೋಟೆಲುಗಳು ಹೊಸವು, ರೂಮು ದೊಡ್ಡದು, ಎರಡನೇ ಮಹಾಯುದ್ಧದ ಮ್ಯೂಸಿಯಂ ಅಲ್ಲೇ ಇದೆ. ರಾತ್ರಿ ಸಂಗೀತವೇ ಮುಖ್ಯ ಅನ್ನುವವರು ಮ್ಯಾರಿನಿ ಬಡಾವಣೆ ನೋಡಿ. ಬಣ್ಣಬಣ್ಣದ, ಉದ್ದುದ್ದ, ಒಂದರ ಹಿಂದೆ ಒಂದು ಕೋಣೆ ಇರುವ ಹಳೇ ಮನೆಗಳ ಸಾಲು ಅಲ್ಲಿದೆ. ಬಾಡಿಗೆ ಮನೆ ಹಿಡಿಯುವುದಾದರೆ ನಗರದ ಪರ್ಮಿಟ್ ನಂಬರ್ ಜಾಹೀರಾತಿನಲ್ಲಿ ಇದೆಯಾ ಅಂತ ಪರೀಕ್ಷಿಸಿ. ಈ ವಿಷಯದಲ್ಲಿ ಇಲ್ಲಿನ ನಿಯಮ ಬಿಗಿ.

ಸೂಪರ್‌ಡೋಮ್‌ನಲ್ಲಿ ಫುಟ್‌ಬಾಲ್ ಪಂದ್ಯ ಇದೆಯಾ ಅನ್ನುವುದನ್ನು ಬುಕ್ ಮಾಡುವ ಮುಂಚೆ ನೋಡಿಕೊಳ್ಳಿ. ಇದ್ದರೆ ರೂಮಿನ ಬೆಲೆಯೇ ಹೇಳುತ್ತದೆ ಬಿಡಿ.

ಕಾರಿಲ್ಲದೆ ಓಡಾಡಬಹುದಾ?

ಓಡಾಡಲೇಬೇಕು. ಸೇಂಟ್ ಚಾರ್ಲ್ಸ್ ಟ್ರಾಮ್ ಲೈನ್ 1835ರಲ್ಲಿ ಶುರುವಾದದ್ದು. ಇವತ್ತಿಗೂ ಓಡುತ್ತಿರುವ ಹಸಿರು ಬೋಗಿಗಳು 1920ರ ದಶಕದವು. ಮರದ ಸೀಟು, ಹಿತ್ತಾಳೆಯ ಹಿಡಿಕೆ, ಏಸಿ ಇಲ್ಲ, ಕಿಟಕಿ ಎತ್ತಿ ಗಾಳಿಗೆ ಕೂರಬೇಕು. ಕೊನೆಯ ಸ್ಟಾಪಿನಲ್ಲಿ ಬೋಗಿ ತಿರುಗುವುದಿಲ್ಲ, ಸೀಟಿನ ಬೆನ್ನನ್ನು ಆ ಕಡೆಯಿಂದ ಈ ಕಡೆಗೆ ಟಪಟಪ ಮಗುಚುತ್ತಾರೆ. ಟಿಕೆಟ್ 1.25 ಡಾಲರ್, ದಿನದ ಪಾಸ್ 3 ಡಾಲರ್. ಚಿಲ್ಲರೆ ವಾಪಸ್ ಕೊಡೋದಿಲ್ಲ, ಹಾಗಾಗಿ ಲೆ ಪಾಸ್ ಆಪ್‌ನಲ್ಲಿ ತೆಗೆದುಕೊಳ್ಳುವುದು ಸುಲಭ.

ಓಕ್ ಮರಗಳ ನೆರಳಲ್ಲಿ, ಗಾರ್ಡನ್ ಡಿಸ್ಟ್ರಿಕ್ಟ್‌ನ ಬಂಗಲೆಗಳ ಮುಂದೆ ಸಾಗುವ ದಾರಿ ಇದು. ಕೊಂಬೆಗಳಲ್ಲಿ ಹೊಳೆಯುವುದು ಹೂವಲ್ಲ, ಮಾರ್ಡಿ ಗ್ರಾ ದಿನ ಸಿಕ್ಕಿಹಾಕಿಕೊಂಡ ಮಣಿಸರ. ವರ್ಷವಿಡೀ ಅಲ್ಲೇ ನೇತಾಡುತ್ತಿರುತ್ತವೆ. ಕೆನಾಲ್ ಸ್ಟ್ರೀಟಿನ ಕೆಂಪು ಬೋಗಿಗಳಿಗೆ ಏಸಿ ಇದೆ, ಅವು ಸಿಟಿ ಪಾರ್ಕ್ ಕಡೆ ಹೋಗುತ್ತವೆ. ಹತ್ತುವ ಮೊದಲು ಬೋರ್ಡ್ ನೋಡಿ, ಅದೇ ಹಳಿಯ ಇನ್ನೊಂದು ಬೋಗಿ ಸ್ಮಶಾನಗಳ ಕಡೆ ಒಯ್ಯುತ್ತದೆ.

ದಾರಿ ಕೇಳಿದರೆ ಪೂರ್ವ, ಪಶ್ಚಿಮ ಅಂತ ಯಾರೂ ಹೇಳೋದಿಲ್ಲ. ಮಿಸಿಸಿಪ್ಪಿ ಇಲ್ಲಿ ಕುಡುಗೋಲಿನಂತೆ ಬಾಗಿರುವುದರಿಂದ ದಿಕ್ಕುಗಳು ಉಪಯೋಗಕ್ಕೆ ಬರುವುದಿಲ್ಲ. ನದಿ ಕಡೆ, ಕೆರೆ ಕಡೆ, ನದಿಯ ಮೇಲಕ್ಕೆ, ಕೆಳಕ್ಕೆ – ಈ ನಾಲ್ಕೇ ದಿಕ್ಕು. ಕೆರೆ ಅಂದರೆ ಪಾಂಚರ್‌ಟ್ರೇನ್. ಅದರ ಮೇಲಿನ ಸೇತುವೆಯೇ ಸುಮಾರು 24 ಮೈಲಿ ಉದ್ದ.

ಎರಡು ದಿನ ಹೇಗೆ ಹಂಚಿಕೊಳ್ಳಲಿ?

ಶುಕ್ರವಾರ ರಾತ್ರಿ ತಲುಪಿದರೆ ಬ್ಯಾಗು ಇಟ್ಟು ನೇರ ಫ್ರೆಂಚ್‌ಮನ್ ಸ್ಟ್ರೀಟಿಗೆ ಹೋಗಿ. ಅದರ ಬಗ್ಗೆ ಕೆಳಗೆ ಬರೆದಿದ್ದೇನೆ.

ಶನಿವಾರ ಎಂಟು ಗಂಟೆಗೆಲ್ಲ ಹಳೇ ಪೇಟೆಯಲ್ಲಿರಿ. ಇದೊಂದು ಮಾತನ್ನು ಕೇಳಿದರೆ ಉಳಿದದ್ದು ಬಿಟ್ಟರೂ ಚಿಂತೆಯಿಲ್ಲ. ಆ ಹೊತ್ತಿಗೆ ರಾತ್ರಿಯ ಜನ ಮಲಗಿರುತ್ತಾರೆ. ಬರ್ಬನ್ ಸ್ಟ್ರೀಟನ್ನು ನಿಂಬೆ ವಾಸನೆಯ ನೀರಲ್ಲಿ ತೊಳೆದಿರುತ್ತಾರೆ, ಬಿಯರ್ ಪೀಪಾಯಿ ಉರುಳಿಸುವ ಸದ್ದು ಬಿಟ್ಟರೆ ಬೇರೆ ಗಲಾಟೆ ಇಲ್ಲ. ಬಾಲ್ಕನಿಗಳ ಕಬ್ಬಿಣದ ಬಳ್ಳಿ ಕೆಲಸವನ್ನು ನಿಂತು ನೋಡಲು ಜಾಗ ಇರುತ್ತದೆ. ಹೆಸರು ಫ್ರೆಂಚ್ ಕ್ವಾರ್ಟರ್ ಆದರೂ ಕಟ್ಟಡಗಳ ರೂಪ ಬಹುಮಟ್ಟಿಗೆ ಸ್ಪೇನ್‌ನವರ ಕಾಲದಲ್ಲಿ ಬಂದದ್ದು. 1718ರಲ್ಲಿ ಫ್ರೆಂಚರು ಕಟ್ಟಿದ ಮರದ ಊರು 1788 ಮತ್ತು 1794ರ ಬೆಂಕಿಯಲ್ಲಿ ಸುಟ್ಟುಹೋಯಿತು. ಆಗ ಆಳುತ್ತಿದ್ದವರು ಸ್ಪೇನ್‌ನವರು, ಇಟ್ಟಿಗೆ ಗೋಡೆ, ಒಳಗಿನ ಅಂಗಳ ಬಂದದ್ದು ಆಮೇಲೆ.

ಹತ್ತರ ನಂತರ ಜ್ಯಾಕ್ಸನ್ ಸ್ಕ್ವೇರ್. ಚರ್ಚ್ ಪಕ್ಕದ ಕಬಿಲ್ಡೊ, ಅಂದರೆ ಹಳೇ ನಗರಸಭೆ ಕಟ್ಟಡ, ಈಗ ಮ್ಯೂಸಿಯಂ. 1803ರಲ್ಲಿ ಲೂಸಿಯಾನ ಪ್ರಾಂತ್ಯವನ್ನು ಫ್ರಾನ್ಸ್ ಅಮೆರಿಕಕ್ಕೆ ಹಸ್ತಾಂತರ ಮಾಡಿದ್ದು ಈ ಕಟ್ಟಡದಲ್ಲಿ. ಮಧ್ಯಾಹ್ನ ಬಿಸಿಲಿದ್ದರೆ ರೂಮಿಗೆ ಹೋಗಿ ಮಲಗಿ, ನಾಚಿಕೆ ಬೇಡ. ಸಂಜೆ ಕೆನಾಲ್ ಸ್ಟ್ರೀಟಿನ ತುದಿಯಿಂದ ನದಿಯಾಚೆಯ ಆಲ್ಜಿಯರ್ಸ್ ಬಡಾವಣೆಗೆ ಫೆರಿ ಹಿಡಿಯಿರಿ. ಕೆಲವೇ ನಿಮಿಷದ ಪ್ರಯಾಣ, 2 ಡಾಲರ್. ದುಬಾರಿ ಕ್ರೂಸ್‌ನಲ್ಲಿ ಕಾಣುವ ಊರೇ ಇಲ್ಲೂ ಕಾಣುತ್ತದೆ. ಕೊನೆಯ ಫೆರಿ ಎಷ್ಟಕ್ಕೆ ಅಂತ ಕೇಳಿಕೊಂಡು ಇಳಿಯಿರಿ.

ಭಾನುವಾರ ಬೆಳಿಗ್ಗೆ ಟ್ರಾಮ್, ಗಾರ್ಡನ್ ಡಿಸ್ಟ್ರಿಕ್ಟ್, ಮ್ಯಾಗಜೀನ್ ಸ್ಟ್ರೀಟ್ ಅಂಗಡಿಗಳು. ಮಧ್ಯಾಹ್ನ ಸೆಕೆಂಡ್ ಲೈನ್ ಇದ್ದರೆ ಅದು. ಇಲ್ಲದಿದ್ದರೆ ಸಿಟಿ ಪಾರ್ಕ್.

ಬರ್ಬನ್ ಸ್ಟ್ರೀಟ್ ನೋಡಲೇಬೇಕಾ?

ಒಂದು ಸಲ ಈ ತುದಿಯಿಂದ ಆ ತುದಿಗೆ ನಡೆದರೆ ಮುಗಿಯಿತು. ಪ್ಲಾಸ್ಟಿಕ್ ಲೋಟದಲ್ಲಿ ಮದ್ಯ ಹಿಡಿದು ಬೀದಿಯಲ್ಲಿ ಓಡಾಡುವುದು ಇಲ್ಲಿ ಕಾನೂನುಬದ್ಧ, ಗಾಜಿನ ಬಾಟಲಿ ಮಾತ್ರ ಕೂಡದು. ವಯಸ್ಸು 21 ಆಗಿರಬೇಕು, ಐಡಿ ಜೊತೆಗಿರಲಿ. ಬೀದಿಯ ತುಂಬ ಬ್ಯಾಚಲರ್ ಪಾರ್ಟಿಗಳು, ಕಿವಿಗಡಚಿಕ್ಕುವ ಹಾಡು, ವಯಸ್ಕರ ಕ್ಲಬ್ಬುಗಳು. ಪಕ್ಕದ ರಾಯಲ್ ಸ್ಟ್ರೀಟ್ ಇದಕ್ಕೆ ಪೂರ್ತಿ ವಿರುದ್ಧ. ಹಳೇ ಸಾಮಾನಿನ ಅಂಗಡಿ, ಗ್ಯಾಲರಿ, ನಡುಬೀದಿಯಲ್ಲಿ ಕ್ಲಾರಿನೆಟ್ ಹಿಡಿದು ಕೂತ ಕಲಾವಿದರು. ಹಗಲಲ್ಲಿ ಅದರ ಒಂದಷ್ಟು ಭಾಗಕ್ಕೆ ವಾಹನ ಬಿಡುವುದಿಲ್ಲ.

ಹಾಗಾದರೆ ಒಳ್ಳೆಯ ಸಂಗೀತ ಎಲ್ಲಿ? ನಮಗೆ ಜಾಜ್ ಗಂಧವೇ ಗೊತ್ತಿಲ್ಲ.

ಗೊತ್ತಿರಬೇಕಾಗಿಲ್ಲ. ಇದು ಕೈಕಟ್ಟಿ ಕೂತು ಕೇಳುವ ಸಂಗೀತವಾಗಿ ಹುಟ್ಟಿದ್ದಲ್ಲ, ಬೀದಿಯಲ್ಲಿ ಕುಣಿಯಲು, ಹೆಣದ ಮೆರವಣಿಗೆಯಲ್ಲಿ ನುಡಿಸಲು ಬೆಳೆದದ್ದು. ಬೇರು ಟ್ರೆಮೆ ಬಡಾವಣೆಯ ಕಾಂಗೋ ಸ್ಕ್ವೇರ್‌ನಲ್ಲಿದೆ. ಗುಲಾಮರಾಗಿದ್ದ ಆಫ್ರಿಕಾದ ಜನ ಭಾನುವಾರ ಸಿಕ್ಕ ಬಿಡುವಿನಲ್ಲಿ ಅಲ್ಲಿ ಸೇರಿ ಡೋಲು ಬಾರಿಸಿ ಕುಣಿಯುತ್ತಿದ್ದರು. ಲೂಯಿ ಆರ್ಮ್‌ಸ್ಟ್ರಾಂಗ್ 1901ರಲ್ಲಿ ಹುಟ್ಟಿದ್ದು ಇದೇ ಊರಲ್ಲಿ. ಕಾಂಗೋ ಸ್ಕ್ವೇರ್ ಈಗ ಅವರ ಹೆಸರಿನ ಪಾರ್ಕಿನೊಳಗೇ ಇದೆ.

ಫ್ರೆಂಚ್‌ಮನ್ ಸ್ಟ್ರೀಟಿನಲ್ಲಿ ಎರಡು ಮೂರು ಬ್ಲಾಕಿನೊಳಗೆ ಕ್ಲಬ್ಬುಗಳ ಸಾಲೇ ಇದೆ. ಸ್ಪಾಟೆಡ್ ಕ್ಯಾಟ್ ಚಿಕ್ಕದು, ಒತ್ತೊತ್ತಾಗಿ ನಿಲ್ಲಬೇಕು, ಬ್ಯಾಂಡಿನ ಟ್ರೊಂಬೋನ್ ಮುಂದಿನವರ ಮೂಗಿಗೆ ತಗಲುವಷ್ಟು ಹತ್ತಿರ. ಕೂತು ಗಂಭೀರವಾಗಿ ಕೇಳಬೇಕು ಅನ್ನುವವರಿಗೆ ಸ್ನಗ್ ಹಾರ್ಬರ್. ಕ್ಲಬ್ಬಿಗೆ ಕ್ಲಬ್ಬು ಬದಲಾಯಿಸುತ್ತಾ ಹೋಗಿ, ಯಾರೂ ಏನೂ ಅಂದುಕೊಳ್ಳೋದಿಲ್ಲ. ಬಕೆಟ್ ಎದುರಿಗೆ ಬಂದಾಗ ನೋಟು ಹಾಕುವುದು ಮಾತ್ರ ಮರೆಯಬಾರದು, ಬಹಳ ಕಲಾವಿದರ ಆ ರಾತ್ರಿಯ ಸಂಪಾದನೆಯಲ್ಲಿ ದೊಡ್ಡ ಪಾಲು ಅದೇ. ಇಂದು ಎಲ್ಲಿ ಯಾರು ನುಡಿಸುತ್ತಾರೆ ಅನ್ನುವ ಪಟ್ಟಿ ಡಬ್ಲ್ಯುಡಬ್ಲ್ಯುಓಝಡ್ (WWOZ) ರೇಡಿಯೋದ ವೆಬ್‌ಸೈಟಿನಲ್ಲಿ ದಿನಾ ಸಿಗುತ್ತದೆ.

1961ರಿಂದ ನಡೆಯುತ್ತಿರುವ ಪ್ರಿಸರ್ವೇಶನ್ ಹಾಲ್‌ಗೆ ಮುಂಚೆಯೇ ಟಿಕೆಟ್ ತೆಗೆದಿಡಿ. ಬಣ್ಣ ಕಿತ್ತ ಗೋಡೆಯ ಸಣ್ಣ ಕೋಣೆ, ಮುಕ್ಕಾಲು ಗಂಟೆಯ ಕಛೇರಿ. ಫೋನ್ ಹೊರಗೆ ತೆಗೆಯುವ ಹಾಗಿಲ್ಲ, ಅದೇ ಅದರ ಚೆಂದ. ಮಕ್ಕಳನ್ನೂ ಬಿಡುತ್ತಾರೆ.

ಸೆಕೆಂಡ್ ಲೈನ್ ಅಂದರೇನು? ನಾವೂ ಸೇರಬಹುದಾ?

ಭಾನುವಾರ ಮಧ್ಯಾಹ್ನ ಬಡಾವಣೆಯ ಸಂಘಗಳು ತೆಗೆಯುವ ಬೀದಿ ಮೆರವಣಿಗೆ. ಬೇಸಿಗೆ ಬಿಟ್ಟು ಉಳಿದ ತಿಂಗಳುಗಳಲ್ಲಿ ಹೆಚ್ಚುಕಡಿಮೆ ಪ್ರತಿ ವಾರ ಇರುತ್ತದೆ. ಮುಂದೆ ಸಂಘದವರು, ಮೇಲಿಂದ ಕೆಳಗೆ ಒಂದೇ ಬಣ್ಣದ ಸೂಟು, ಗರಿಯ ಬೀಸಣಿಗೆ, ಹೊಳೆಯುವ ಶೂ. ಹಿಂದೆ ಹಿತ್ತಾಳೆ ವಾದ್ಯದ ಬ್ಯಾಂಡು. ಅದರ ಹಿಂದೆ ಕುಣಿಯುತ್ತಾ ಬರುವವರೆಲ್ಲ ಸೆಕೆಂಡ್ ಲೈನ್, ಅಂದರೆ ನೀವೂ. ಮೈಗೆ ಸುತ್ತಿಕೊಂಡು ಊದುವ ದೊಡ್ಡ ಕಹಳೆ ಸೂಸಾಫೋನಿನ ಪಕ್ಕ ಜಾಗ ಹಿಡಿದರೆ ಎದೆಗೂಡು ನಡುಗುತ್ತದೆ. ಪಿಕಪ್ ಟ್ರಕ್ಕಿನ ಹಿಂದೆ ಒಲೆ ಹೂಡಿ ಸಾಸೇಜ್ ಸುಡುವವರು, ಐಸ್ ಪೆಟ್ಟಿಗೆ ಎಳೆದುಕೊಂಡು ನೀರು ಮಾರುವವರು ಜೊತೆಗೇ ಸಾಗುತ್ತಾರೆ.

ಸಂಘದವರ, ಬ್ಯಾಂಡಿನವರ ಸುತ್ತ ಹಿಡಿದಿರುವ ಹಗ್ಗದ ಒಳಗೆ ನುಗ್ಗಬೇಡಿ, ಕುಣಿಯುವವರ ಮುಂದೆ ಹಿಮ್ಮುಖವಾಗಿ ನಡೆಯುತ್ತಾ ವಿಡಿಯೋ ಮಾಡಬೇಡಿ. ಇದು ಪ್ರವಾಸಿಗರಿಗೆ ಹಾಕಿದ ಶೋ ಅಲ್ಲ, ಅವರ ಹಬ್ಬ. ದಾರಿಯ ನಕ್ಷೆ ಅದೇ ರೇಡಿಯೋದ ವೆಬ್‌ಸೈಟಿನಲ್ಲಿ ಇರುತ್ತದೆ.

ನಾವು ಶುದ್ಧ ಸಸ್ಯಾಹಾರಿಗಳು. ಉಪವಾಸ ಬೀಳ್ತೀವಾ?

ಬೀಳೋದಿಲ್ಲ, ಆದರೆ ಹುಷಾರಾಗಿ ಕೇಳಬೇಕು. ಇಲ್ಲಿನ ಅಡುಗೆಯಲ್ಲಿ ಮಾಂಸ ಕಣ್ಣಿಗೆ ಕಾಣದ ಜಾಗದಲ್ಲಿ ಇರುತ್ತದೆ. ಹೆಸರು ಕೇಳಿದರೆ ರೆಡ್ ಬೀನ್ಸ್ ಅಂಡ್ ರೈಸ್ ನಮ್ಮ ಅಲಸಂದೆ ಸಾರು ಅನ್ನದಂತೆ ಅನ್ನಿಸುತ್ತದೆ, ಅಲ್ವಾ? ಅದರಲ್ಲಿ ಹಂದಿಯ ಎಲುಬೋ ಸಾಸೇಜೋ ಗಂಟೆಗಟ್ಟಲೆ ಕುದ್ದಿರುತ್ತದೆ. ಗಂಬೋ ಅನ್ನುವ ಇಲ್ಲಿನ ಗಟ್ಟಿ ಸಾರಿಗೆ ಹಿಟ್ಟನ್ನು ಎಣ್ಣೆಯಲ್ಲಿ ಕಂದು ಬಣ್ಣಕ್ಕೆ ಹುರಿಯುವುದು ಸರಿ, ಆದರೆ ಮೇಲೆ ಸುರಿಯುವುದು ಕೋಳಿ ಅಥವಾ ಸಿಗಡಿ ಬೇಯಿಸಿದ ನೀರು. ಬೆಂಡೆಕಾಯಿ ಹಾಕಿದ್ದಾರೆ ಅಂತ ನಂಬಬೇಡಿ. ಬರೀ ಸೊಪ್ಪಿನ ಗಂಬೋ ಅಂತ ಬರೆದಿದ್ದರೂ ಅದರಲ್ಲಿ ಸಾಮಾನ್ಯವಾಗಿ ಮಾಂಸ ಇರುತ್ತದೆ. ಜಂಬಲಾಯದ ಅನ್ನವೂ ಅಷ್ಟೇ. “ನೋ ಮೀಟ್” ಅಂದರೆ ಸಾಲದು, ಸಿಗಡಿಯನ್ನು ಮೀಟ್ ಅಂತ ಲೆಕ್ಕ ಹಾಕದವರಿದ್ದಾರೆ. ಮಾಂಸ, ಮೀನು, ಸಿಗಡಿ, ಸ್ಟಾಕ್ (ಅವನ್ನು ಬೇಯಿಸಿದ ನೀರು) ಯಾವುದೂ ಬೇಡ ಅಂತ ಒಂದೊಂದಾಗಿ ಹೇಳಿ.

ತಿನ್ನಬಹುದಾದದ್ದು ಏನು ಅಂದರೆ, ಕಿಲ್ಲರ್ ಪೋಬಾಯ್ಸ್‌ನಲ್ಲಿ ಸಿಹಿಗೆಣಸು ಹಾಕಿದ ಪೋಬಾಯ್ ಸ್ಯಾಂಡ್‌ವಿಚ್. ಟರ್ಕಿ ಅಂಡ್ ದ ವುಲ್ಫ್‌ನಲ್ಲಿ ಸೊಪ್ಪು, ಚೀಸ್ ಇಟ್ಟ ಕಾಲರ್ಡ್ ಮೆಲ್ಟ್ ಸ್ಯಾಂಡ್‌ವಿಚ್. ಬೆಳಿಗ್ಗೆ ಚೀಸ್ ಗ್ರಿಟ್ಸ್, ಅಂದರೆ ಮೆಕ್ಕೆಜೋಳದ ರವೆಯ ಗಂಜಿ, ಉಪ್ಪಿನಕಾಯಿ ಇದ್ದಿದ್ದರೆ ಇನ್ನೂ ಚೆನ್ನ. ಕಾಯಿ ಟೊಮೆಟೊ ಕರಿದದ್ದು ಎಲ್ಲೆಡೆ ಸಿಗುತ್ತದೆ, ಮೇಲೆ ಸಿಗಡಿ ಹಾಕದೆ ಕೊಡಿ ಅನ್ನಿ. ಬಿಸಿಲಲ್ಲಿ ಸ್ನೋಬಾಲ್, ನಮ್ಮ ಐಸ್ ಗೋಲಾದ ನಯವಾದ ಸಂಬಂಧಿ. ನಾಲಿಗೆ ಕೆಟ್ಟುಹೋದರೆ ಮ್ಯಾಗಜೀನ್ ಸ್ಟ್ರೀಟಿನ ಸ್ಯಾಫ್ರನ್‌ನಲ್ಲಿ ಭಾರತದ ಅಡುಗೆಯೇ ಇದೆ, ಸ್ವಲ್ಪ ದುಬಾರಿ, ಟೇಬಲ್ ಮುಂಚೆ ಹೇಳಿಡಬೇಕು. ಮೊಟ್ಟೆಯೂ ತಿನ್ನದವರು ಬ್ರೆಡ್ ಪುಡ್ಡಿಂಗ್, ಕೇಕ್ ಬಿಟ್ಟು ಪ್ರಲೀನ್ ಕಡೆ ನೋಡಿ: ಸಕ್ಕರೆ, ಬೆಣ್ಣೆ, ಕೆನೆ, ಪೆಕಾನ್ ಬೀಜ.

ಮಾಂಸಾಹಾರಿಗಳಿಗೆ?

ಕರಾವಳಿಯವರಾದರೆ ತವರಿಗೆ ಬಂದ ಹಾಗೆ. ಸಿಗಡಿ, ಏಡಿ, ಸಿಂಪಿ, ಜೊತೆಗೆ ಅನ್ನ. ಚಳಿಗಾಲದ ಕೊನೆಯಿಂದ ಜೂನ್‌ವರೆಗೆ ಕ್ರಾಫಿಶ್ ಕಾಲ, ಅದು ಸಿಗಡಿಯಂಥ ಸಿಹಿನೀರಿನ ಜೀವಿ. ಮಸಾಲೆ ನೀರಲ್ಲಿ ಬೇಯಿಸಿ ಪೇಪರ್ ಹಾಸಿದ ಮೇಜಿನ ಮೇಲೆ ರಾಶಿ ಸುರಿಯುತ್ತಾರೆ. ತಲೆ ತಿರುಚಿ ಕಿತ್ತು, ಬಾಲ ಹಿಂಡಿ ತಿನ್ನಬೇಕು, ಆ ಕೈಯಲ್ಲಿ ಕಣ್ಣು ಮುಟ್ಟಬೇಡಿ. ಸೋಮವಾರ ಇದ್ದರೆ ರೆಡ್ ಬೀನ್ಸ್ ತಿನ್ನಿ. ಹಿಂದೆ ಸೋಮವಾರ ಬಟ್ಟೆ ಒಗೆಯುವ ದಿನವಾಗಿತ್ತು, ಒಲೆ ಮೇಲಿಟ್ಟು ಮರೆತರೂ ಬೇಯುವ ಅಡುಗೆ ಇದು, ಆ ರೂಢಿ ಇನ್ನೂ ಹೋಗಿಲ್ಲ. ಟ್ರೆಮೆಯ ಡೂಕಿ ಚೇಸ್ ಹೋಟೆಲು 1941ರದ್ದು. ಕರಿಯರು, ಬಿಳಿಯರು ಒಟ್ಟಿಗೆ ಕೂತು ಉಣ್ಣುವುದು ಕಾನೂನಿಗೆ ವಿರುದ್ಧವಾಗಿದ್ದ ಕಾಲದಲ್ಲಿ ನಾಗರಿಕ ಹಕ್ಕಿನ ಹೋರಾಟಗಾರರು ಅದರ ಮಹಡಿಯಲ್ಲಿ ಸಭೆ ಸೇರುತ್ತಿದ್ದರು. ಗಂಬೋ ತಿನ್ನಲು ಒಂದೇ ಜಾಗ ಆರಿಸಬೇಕಾದರೆ ನಾನು ಅದನ್ನೇ ಆರಿಸುತ್ತೇನೆ.

ಕಾಫಿ ಹೇಗೆ?

ಇದನ್ನು ಕೇಳದ ಕನ್ನಡದವರೇ ಇಲ್ಲ. ಖುಷಿಯ ಸುದ್ದಿ: ಇಲ್ಲಿಯೂ ಚಿಕೋರಿ ಬೆರೆಸುತ್ತಾರೆ. ಸಿವಿಲ್ ವಾರ್ (ಅಮೆರಿಕದ ಅಂತರ್ಯುದ್ಧ) ಕಾಲದಲ್ಲಿ ಬಂದರಿಗೆ ದಿಗ್ಬಂಧನ ಬಿದ್ದು ಕಾಫಿ ಬೀಜ ಬಾರದಾದಾಗ ಈ ರೂಢಿ ಗಟ್ಟಿಯಾಯಿತು, ಆಮೇಲೆ ನಾಲಿಗೆ ಬಿಡಲಿಲ್ಲ. ಅರ್ಧ ಕಾಫಿ, ಅರ್ಧ ಬಿಸಿ ಹಾಲು. ನಮ್ಮ ಫಿಲ್ಟರ್ ಕಾಫಿಗಿಂತ ಡಿಕಾಕ್ಷನ್ ತೆಳು, ಸಕ್ಕರೆ ನಾವೇ ಹಾಕಿಕೊಳ್ಳಬೇಕು. ಆದರೂ ಅಮೆರಿಕದಲ್ಲಿ ನಮ್ಮ ಕಾಫಿಗೆ ಇಷ್ಟು ಹತ್ತಿರದ್ದು ಬೇರೆಲ್ಲೂ ಸುಲಭವಾಗಿ ಸಿಗೋದಿಲ್ಲ.

1862ರಿಂದ ಇರುವ ಕೆಫೆ ಡು ಮಾಂಡ್‌ನಲ್ಲಿ ಇದರ ಜೊತೆ ಬೆನ್ಯೇ ತಿನ್ನಬೇಕು. ಚೌಕಾಕಾರದ ಕರಿದ ಹಿಟ್ಟು, ಒಂದು ತಟ್ಟೆಗೆ ಮೂರು, ಮೇಲೆ ಪುಡಿ ಸಕ್ಕರೆಯ ಗುಡ್ಡ. ಕಚ್ಚುವಾಗ ಉಸಿರು ಎಳೆಯಬೇಡಿ, ಕೆಮ್ಮು ಬರುತ್ತದೆ. ನಗಬೇಡಿ, ಎದುರಿಗೆ ಕೂತವರ ಮೇಲೆ ಹಾರುತ್ತದೆ. ಕಪ್ಪು ಬಟ್ಟೆಯಂತೂ ಬೇಡವೇ ಬೇಡ. ಜ್ಯಾಕ್ಸನ್ ಸ್ಕ್ವೇರ್ ಎದುರಿನ ಕ್ಯೂ ನೋಡಿ ಸುಸ್ತಾದರೆ ಸಿಟಿ ಪಾರ್ಕಿನ ಶಾಖೆಗೆ ಹೋಗಿ, ಅದೇ ರುಚಿ, ಮರದ ನೆರಳು ಹೆಚ್ಚುವರಿ.

ಮಕ್ಕಳನ್ನು ಕರೆದುಕೊಂಡು ಹೋಗಬಹುದಾ?

ಧಾರಾಳವಾಗಿ. ಸಿಟಿ ಪಾರ್ಕ್ 1300 ಎಕರೆ. ಶಿಲ್ಪಗಳ ತೋಟಕ್ಕೆ ಟಿಕೆಟ್ ಇಲ್ಲ, ಮಕ್ಕಳ ಮ್ಯೂಸಿಯಂ ಅಲ್ಲೇ ಇದೆ. ನದಿ ದಂಡೆಯಲ್ಲಿ ಅಕ್ವೇರಿಯಂ. ನ್ಯಾಚೆಜ್ ಸ್ಟೀಮ್‌ಬೋಟ್ ಹೊರಡುವ ಮುಂಚೆ ಅದರ ಮೇಲಿನ ಉಗಿ ಆರ್ಗನ್ ಬಾರಿಸುತ್ತಾರೆ, ಟಿಕೆಟ್ ಕೊಳ್ಳದಿದ್ದರೂ ದಡದಲ್ಲಿ ನಿಂತು ಕೇಳಬಹುದು. ಫ್ರೆಂಚ್‌ಮನ್ ಸ್ಟ್ರೀಟಿನ ಕ್ಲಬ್ಬುಗಳಿಗೆ ಮಕ್ಕಳನ್ನು ಸಾಮಾನ್ಯವಾಗಿ ಬಿಡೋದಿಲ್ಲ. ಅದಕ್ಕೆ ಬದಲು ಹಳೇ ಟಂಕಸಾಲೆಯಲ್ಲಿರುವ ಜಾಜ್ ಮ್ಯೂಸಿಯಂನ ಹಗಲಿನ ಕಾರ್ಯಕ್ರಮ ನೋಡಿ.

ಊರಿಂದ ಅಪ್ಪ ಅಮ್ಮ ಬಂದಿದ್ದಾರೆ. ಅವರಿಗೆ ಹಿಡಿಸುತ್ತದಾ?

ಹಿಡಿಸುತ್ತದೆ, ಬಿಸಿಲಲ್ಲಿ ನಡೆಸದಿದ್ದರೆ. ಈ ಊರಿನ ಇಟ್ಟಿಗೆ ಫುಟ್‌ಪಾತ್‌ಗಳನ್ನು ಓಕ್ ಬೇರುಗಳೂ ಮೆತ್ತನೆ ಮಣ್ಣೂ ಸೇರಿ ಏರುಪೇರು ಮಾಡಿಬಿಟ್ಟಿವೆ. ಚಪ್ಪಲಿ ಬೇಡ, ಶೂ ಹಾಕಿಸಿ. ಟ್ರಾಮ್, ಫೆರಿ, ಸ್ಟೀಮ್‌ಬೋಟ್, ಸಂಜೆ ನದಿ ದಂಡೆಯ ಬೆಂಚು ಅವರಿಗೆ ಸರಿ. ಮನೆ ಜಗಲಿಯಲ್ಲಿ ಕೂತವರು ದಾರಿಹೋಕರಿಗೆಲ್ಲ ಗುಡ್ ಮಾರ್ನಿಂಗ್ ಅಂತ ಮಾತಾಡಿಸುತ್ತಾರೆ. ಅಮೆರಿಕದಲ್ಲಿ ಬೀದಿಯಲ್ಲಿ ಮನುಷ್ಯರೇ ಕಾಣಲ್ಲ ಅಂತ ಗೊಣಗುವ ಅಪ್ಪಂದಿರಿಗೆ ಇದು ಒಳ್ಳೆ ಮದ್ದು. ಬರ್ಬನ್ ಸ್ಟ್ರೀಟ್ ತೋರಿಸುವುದಾದರೆ ಬೆಳಿಗ್ಗೆಯೇ ತೋರಿಸಿ ಮುಗಿಸಿ.

ಸೇಫಾ?

ದೊಡ್ಡ ಊರಿನ ಎಚ್ಚರ ಸಾಕು, ಅದಕ್ಕಿಂತ ಕಮ್ಮಿ ಸಾಲದು. 2025ರ ಹೊಸ ವರ್ಷದ ಮುಂಜಾನೆ ಬರ್ಬನ್ ಸ್ಟ್ರೀಟಿನ ಜನರ ಮೇಲೆ ಟ್ರಕ್ ಹರಿಸಿದ ದಾಳಿಯಲ್ಲಿ 14 ಮಂದಿ ಸತ್ತರು. ಬರುವವರಿಗೆ ದಿನನಿತ್ಯ ಎದುರಾಗುವ ತೊಂದರೆ ಜೇಬುಗಳ್ಳತನ, ಕಾರಿನ ಗಾಜು ಒಡೆಯುವುದು. ತಡರಾತ್ರಿ ಖಾಲಿ ಬೀದಿಯಲ್ಲಿ ನಡೆಯಬೇಡಿ, ಕ್ಯಾಬ್ ಹಿಡಿಯಿರಿ.

ಒಂದು ಹಳೇ ಬೀದಿ ಆಟ ಇದೆ. “ನೀನು ಈ ಶೂ ಎಲ್ಲಿ ತಗೊಂಡೆ ಅಂತ ಹೇಳ್ತೀನಿ, 20 ಡಾಲರ್ ಬೆಟ್” ಅಂತ ಒಬ್ಬ ಬರುತ್ತಾನೆ. ಉತ್ತರ: “ಬರ್ಬನ್ ಸ್ಟ್ರೀಟಿನಲ್ಲಿ, ನಿನ್ನ ಕಾಲಿನ ಮೇಲೆ.” ಇಂಗ್ಲಿಷಿನ “ಗಾಟ್” ಅಂದರೆ ತಗೊಂಡದ್ದೂ ಹೌದು, ಈಗ ಇರುವುದೂ ಹೌದು, ಆ ಪದದಲ್ಲಿ ಆಡುವ ಕಿತಾಪತಿ. ನಕ್ಕು ಮುಂದೆ ಹೋಗಿ, ಬೆಟ್ ಕಟ್ಟಬೇಡಿ.

ಸ್ಮಶಾನ ನೋಡೋಕೆ ಹೋಗ್ತಾರಂತೆ, ನಿಜಾನಾ?

ನಿಜ. ಸಮಾಧಿಗಳು ನೆಲದ ಮೇಲೆ ಪುಟ್ಟ ಮನೆಗಳ ಹಾಗಿವೆ. 1789ರ ಸೇಂಟ್ ಲೂಯಿಸ್ ನಂಬರ್ 1 ಸ್ಮಶಾನಕ್ಕೆ ಟೂರ್ ಗೈಡ್ ಇಲ್ಲದೆ ಪ್ರವಾಸಿಗರನ್ನು ಬಿಡೋದಿಲ್ಲ. ವೂಡೂ (ಆಫ್ರಿಕಾ ಮೂಲದ ಪೂಜೆ, ಮಂತ್ರದ ಪಂಥ) ರಾಣಿ ಅಂತ ಹೆಸರಾದ ಮರಿ ಲಾವೊ ಅವರ ಸಮಾಧಿ ಅಲ್ಲಿದೆ ಅನ್ನುತ್ತಾರೆ. ಅದರ ಮೇಲೆ ಗುರುತು ಗೀಚುವವರ ಕಾಟ ತಡೆಯಲಾರದೆ 2015ರಲ್ಲಿ ಈ ನಿಯಮ ತಂದರು. ರಾತ್ರಿಯ ದೆವ್ವದ ಟೂರ್‌ಗಳ ಬಗ್ಗೆ ನನಗೆ ಅಷ್ಟೇನೂ ಒಲವಿಲ್ಲ.

ಕತ್ರೀನಾ ಚಂಡಮಾರುತದ ಗುರುತು ಈಗಲೂ ಕಾಣುತ್ತದಾ?

ಹಳೇ ಪೇಟೆಯಲ್ಲಿ ಕಾಣೋದಿಲ್ಲ. 2005ರ ಆಗಸ್ಟ್ 29ರಂದು ತಡೆಗೋಡೆಗಳು ಒಡೆದು ಊರಿನ ಸುಮಾರು ಶೇ 80ರಷ್ಟು ಭಾಗ ಮುಳುಗಿತು. ಆದರೆ ಮೊದಲು ಬಂದವರು ನದಿ ಪಕ್ಕದ ಎತ್ತರದ ನೆಲದ ಮೇಲೆ ಕಟ್ಟಿದ್ದರಿಂದ ಫ್ರೆಂಚ್ ಕ್ವಾರ್ಟರ್ ಬಹುಮಟ್ಟಿಗೆ ಉಳಿಯಿತು. ಲೋವರ್ ನೈನ್ತ್ ವಾರ್ಡಿನಲ್ಲಿ ಮನೆ ಇದ್ದ ಸೈಟುಗಳು ಇಂದಿಗೂ ಹುಲ್ಲು ಬೆಳೆದು ಖಾಲಿ ಇವೆ. ಕ್ಯಾಬ್ ಡ್ರೈವರು, ಹೋಟೆಲಿನವರು, ಯಾರನ್ನು ಮಾತಾಡಿಸಿದರೂ “ಸ್ಟಾರ್ಮ್‌ಗೆ ಮುಂಚೆ”, “ಸ್ಟಾರ್ಮ್ ಆದಮೇಲೆ” ಅಂತ ಕಾಲ ಹೇಳುತ್ತಾರೆ.

ಈ ಊರಿಗೂ ಭಾರತಕ್ಕೂ ಏನಾದರೂ ನಂಟು?

ಬಹಳ ಜನಕ್ಕೆ ತಿಳಿಯದ ಒಂದಿದೆ. 1880ರ ದಶಕದ ಹೊತ್ತಿಗೆ ಬಂಗಾಳದ ಹೂಗ್ಲಿ ಕಡೆಯ ಮುಸ್ಲಿಂ ವ್ಯಾಪಾರಿಗಳು ಕಸೂತಿ ಬಟ್ಟೆಯ ಗಂಟು ಹೊತ್ತು ಅಮೆರಿಕಕ್ಕೆ ಬರುತ್ತಿದ್ದರು. ಅವರಲ್ಲಿ ಹಲವರು ನ್ಯೂ ಆರ್ಲಿಯನ್ಸ್ ಅನ್ನೇ ನೆಲೆ ಮಾಡಿಕೊಂಡು ಟ್ರೆಮೆಯಲ್ಲಿ ಮನೆ ಹಿಡಿದರು. ಬಿಳಿಯರ ಬಡಾವಣೆಯಲ್ಲಿ ಅವರಿಗೆ ಜಾಗವಿರಲಿಲ್ಲ. ಕೆಲವರು ಅಲ್ಲಿನ ಕಪ್ಪು, ಕ್ರಿಯೋಲ್ (ಆಫ್ರಿಕಾ, ಯುರೋಪ್ ಬೆರೆತ ಮೂಲದ) ಕುಟುಂಬಗಳ ಹೆಣ್ಣುಮಕ್ಕಳನ್ನು ಮದುವೆಯಾಗಿ ಅಲ್ಲಿಯವರೇ ಆದರು. ಐಟಿ ವೀಸಾದ ಮಾತು ಹುಟ್ಟುವುದಕ್ಕೆ ನೂರು ವರ್ಷ ಮುಂಚಿನ ಕತೆ ಇದು.

ಟಿಪ್ ಎಷ್ಟು?

ಊಟದ ಹೋಟೆಲಿನಲ್ಲಿ ಶೇ 18–20. ಸೇಲ್ಸ್ ಟ್ಯಾಕ್ಸ್ ಬೇರೆ, ಸುಮಾರು ಶೇ 10. ಸಂಗೀತಗಾರರಿಗೆ ಕೊಡಲು ಒಂದು, ಐದು ಡಾಲರಿನ ನೋಟುಗಳು ಜೇಬಿನಲ್ಲಿರಲಿ.

ಒಂದು ದಿನ ಜಾಸ್ತಿ ಸಿಕ್ಕರೆ?

ವಿಟ್ನಿ ಪ್ಲಾಂಟೇಶನ್. ಕಾರಲ್ಲಿ ಒಂದು ಗಂಟೆ. ಆ ಕಡೆ ಕಬ್ಬಿನ ಧಣಿಗಳ ಬಂಗಲೆಗಳು ಬಹಳಷ್ಟಿವೆ, ಓಕ್ ಮರದ ಸಾಲಿಗೆ ಹೆಸರಾದ ಓಕ್ ಆಲಿ ಫೋಟೋಗೆ ಚೆಂದ. ಆದರೆ 2014ರಲ್ಲಿ ತೆರೆದ ವಿಟ್ನಿ ಹೇಳುವುದು ಗುಲಾಮರ ಕತೆ. ಗೋಡೆಗಳ ಮೇಲೆ ಅವರ ಹೆಸರುಗಳನ್ನು ಕೆತ್ತಿದ್ದಾರೆ. ಸಿವಿಲ್ ವಾರ್‌ಗೆ ಮುಂಚೆ ಇಡೀ ದೇಶದ ಅತಿ ದೊಡ್ಡ ಗುಲಾಮರ ಸಂತೆ ನಡೆಯುತ್ತಿದ್ದುದು ನ್ಯೂ ಆರ್ಲಿಯನ್ಸ್‌ನಲ್ಲೇ. ಅಷ್ಟು ಚೆಂದದ ಬಾಲ್ಕನಿಗಳಿಗೆ ದುಡ್ಡು ಎಲ್ಲಿಂದ ಬಂತು ಅಂತ ಅಲ್ಲಿ ಗೊತ್ತಾಗುತ್ತದೆ. ತೀರಾ ಚಿಕ್ಕ ಮಕ್ಕಳಿಗೆ ಭಾರವಾಗಬಹುದು.

ಅದು ಬೇಡವಾದರೆ ಮೊಸಳೆ. ಮೆರೆರೊದ ಬ್ಯಾರಟೇರಿಯ ಜೌಗು ಕಾಡಿನಲ್ಲಿ ಮರದ ಹಲಗೆ ದಾರಿ ಇದೆ, ಪ್ರವೇಶ ಉಚಿತ. ಬೆಚ್ಚಗಿನ ದಿನ ಅಲಿಗೇಟರ್‌ಗಳು ದಾರಿ ಪಕ್ಕದಲ್ಲೇ ಬಿಸಿಲು ಕಾಯಿಸುತ್ತಾ ಬಿದ್ದಿರುತ್ತವೆ. ಚಳಿಗಾಲದಲ್ಲಿ ಅಷ್ಟಾಗಿ ಕಾಣಿಸಿಕೊಳ್ಳೋದಿಲ್ಲ.

ಮನೆಗೆ ಏನು ತರಲಿ?

ಚಿಕೋರಿ ಕಾಫಿಯ ಡಬ್ಬಿ, ಒಂದು ಪೆಟ್ಟಿಗೆ ಪ್ರಲೀನ್, ಕ್ರಿಸ್ಟಲ್ ಹಾಟ್ ಸಾಸ್. ಹಳೇ ಪೇಟೆಯ ಸುವನೀರ್ ಅಂಗಡಿಗಳಲ್ಲಿ ಕೊಳ್ಳಬೇಡಿ, ಅದೇ ಕಾಫಿ, ಸಾಸ್ ಸೂಪರ್ ಮಾರ್ಕೆಟ್ಟಿನಲ್ಲಿ ಅಗ್ಗ. ಸಾಸಿನ ದೊಡ್ಡ ಬಾಟಲಿಯನ್ನು ಕೈಚೀಲದಲ್ಲಿ ಹಾಕಿಕೊಂಡರೆ ಏರ್‌ಪೋರ್ಟ್‌ನಲ್ಲಿ ತೆಗೆಸುತ್ತಾರೆ, ಚೆಕ್-ಇನ್ ಬ್ಯಾಗಿಗೆ ಹಾಕಿ.